ಕೆಂಪು ಹಿಡಿಯ ಚಾಕು

ನನ್ನ ಹೊಕ್ಕುಳಬಳ್ಳಿಯನ್ನು ಕೊಯ್ದದ್ದು ಜೋಳದ ದಂಟಿನ ಸಿಬರು. ನನ್ನ ತಮ್ಮನದನ್ನು ಕೊಯ್ದದ್ದು ಚಾಕು. ನಾನು ಎಂಬತ್ತು ದಾಟಿ ಇನ್ನೂ ಸೊಸೆಯರ ತಲೆ ತಿನ್ನುತ್ತಾ ಕೂತಿದ್ದೇನೆ. ಅವನು ಎಂಟು ದಿನ ಇದ್ದ. ನಮ್ಮಿಬ್ಬರನ್ನೂ ಕೈಯಲ್ಲಿ ಹಿಡಿದು ಹೊರಗೆ ತಂದವಳು ಊರ ಸೂಲಗಿತ್ತಿ ಗಾದಿಲಿಂಗಮ್ಮ. ಆಕೆಯನ್ನು ಕೊಲೆಗಾತಿ ಅಂದವರಿದ್ದಾರೆ, ಪಾಪ ದೇವರಂಥಾಕೆ ಅಂದವರೂ ಇದ್ದಾರೆ. ಎರಡರಲ್ಲಿ ಯಾವ ಮಾತು ಕೇಳಿದರೂ ನನಗೆ ಮೈ ಉರಿಯುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ.

ನಮ್ಮದು ಗೋನೆಗಂಡ್ಲದಿಂದ ಎರಡು ಹರದಾರಿ ದೂರದ ಸಣ್ಣ ಊರು. ಗಾದಿಲಿಂಗಮ್ಮ ಕುರಿ ಸಾಕುವವರ ಮನೆಯಾಕೆ. ಗಂಡ ಮಾರಣ್ಣ ಮಂದೆಯ ಹಿಂದೆ ಹೋದನೆಂದರೆ ತಿಂಗಳುಗಟ್ಟಲೆ ಮನೆ ಕಡೆ ಸುಳಿಯುತ್ತಿರಲಿಲ್ಲ. ಅಡ್ಡ ಸಿಕ್ಕಿಕೊಂಡ ಮರಿಯನ್ನು ಕುರಿಯ ಹೊಟ್ಟೆಯೊಳಗೇ ತಿರುಗಿಸಿ ತೆಗೆದು ಕಲಿತ ಕೈ ಆಕೆಯದು. ಕುಳ್ಳಗಿನ ಹೆಂಗಸು, ಹುಡುಗಿಯರಷ್ಟು ಸಣ್ಣ ಅಂಗೈ. ಮಾತು ಕಡಿಮೆ. ಹೆರುವವಳು ಚೀರಿದರೆ "ಚೀರು ತಾಯಿ, ಇದು ನಿನ್ನ ಮನಿ" ಅನ್ನುತ್ತಿದ್ದಳಂತೆ, ಅಷ್ಟೇ.

ಆಚಾರದ ಮನೆ ನಮ್ಮದು. ಬೇರೆ ದಿನಗಳಲ್ಲಿ ಆಕೆ ಅಂಗಳ ದಾಟುವಂತಿರಲಿಲ್ಲ. ನೋವು ಬಂದ ದಿನ ಮಾತ್ರ ಎಲ್ಲಕ್ಕಿಂತ ಒಳಗಿನ ಕೋಣೆಗೆ ಕೈಹಿಡಿದು ಕರೆದೊಯ್ಯುತ್ತಿದ್ದರು. ಕೂಸು ಅತ್ತು ಆಕೆ ಹೊರಗೆ ಕಾಲಿಟ್ಟಳೋ ಇಲ್ಲವೋ, ನಮ್ಮ ಅಜ್ಜಿ ಜಾನಕಿಬಾಯಿ ಆಕೆ ನಡೆದ ಜಾಗಕ್ಕೆಲ್ಲ ನೀರು ಹಾಕಿ ತೊಳೆಸುತ್ತಿದ್ದಳು. ಹೆರುವಾಗ ಎಲ್ಲೋ ಅಡಗಿದ್ದ ಮಡಿ ಹೆತ್ತ ಮೇಲೆ ಎದ್ದು ಬರುತ್ತಿತ್ತು. ಗಾದಿಲಿಂಗಮ್ಮ ಅದಕ್ಕೆ ಯಾವತ್ತೂ ಮುಖ ಸಣ್ಣದು ಮಾಡಿಕೊಂಡವಳಲ್ಲ. ಮಡಿ ಅವರವರ ಜಾತಿಯದು, ಅವರು ಮಾಡಿಕೊಳ್ಳುತ್ತಾರೆ ಎಂದು ಸುಮ್ಮನಿರುತ್ತಿದ್ದಳು. ಈ ಮಾತು ನೆನಪಿಟ್ಟುಕೊಳ್ಳಿ.

ಆಕೆಯ ಕೆಲಸದ ರೀತಿ ಹೀಗಿತ್ತು: ಬಣವೆಯಿಂದ ಒಂದು ಗಟ್ಟಿ ಜೋಳದ ದಂಟು ಎಳೆದು, ಮೇಲಿನ ಒಣ ಎಲೆಯ ರವದೆ ಸುಲಿದು, ಸೀಳಿ, ಒಳಗಿನಿಂದ ಬೆರಳುದ್ದದ ಸಿಬರು ತೆಗೆಯುವುದು. ಹೊಸ ಸಿಬರಿನ ಅಂಚು ಕೈಗೆ ತಾಕಿದರೆ ರಕ್ತ ಬರುತ್ತದೆ, ಅಷ್ಟು ಹರಿತ. ಅದರಿಂದ ಹೊಕ್ಕುಳಬಳ್ಳಿ ಕೊಯ್ದು, ಸಿಬರನ್ನು ಮಾಸಿನ ಜೊತೆಗೇ ಕುಣಿಯಲ್ಲಿ ಹೂಳಿಬಿಡುತ್ತಿದ್ದಳು. ಒಂದು ಕೂಸಿಗೆ ಒಂದು ಸಿಬರು. ಆ ಕಾಲದಲ್ಲೂ ಕೂಸುಗಳು ಸಾಯುತ್ತಿದ್ದವು, ಇಲ್ಲವೆನ್ನುವುದಿಲ್ಲ. ಆದರೆ ಆಮೇಲೆ ಸತ್ತ ಹಾಗೆ ಸಾಯುತ್ತಿರಲಿಲ್ಲ.

ಮೂವತ್ತಾರನೇ ಇಸವಿ ಇರಬೇಕು. ಊರ ರೆಡ್ಡಿಯ ಸೊಸೆಗೆ ಎರಡು ದಿನವಾದರೂ ಹೆರಿಗೆಯಾಗಲಿಲ್ಲ. ಗಾಡಿ ಕಟ್ಟಿಕೊಂಡು ಹೋಗಿ ಆಸ್ಪತ್ರೆಯ ನರ್ಸಮ್ಮನನ್ನು ಕರೆತಂದರು. ರಾಮಲಕ್ಷ್ಮಿ ಎಂದು ಹೆಸರು, ತೆಲುಗಿನಾಕೆ, ಕೈಯಲ್ಲೊಂದು ತಗಡಿನ ಪೆಟ್ಟಿಗೆ. ಆಕೆ ಬಂದವಳೇ ಒಲೆಯ ಮೇಲೆ ನೀರಿಟ್ಟು, ಕತ್ತರಿಯನ್ನು ಅದರಲ್ಲಿ ಹಾಕಿ ಕುದಿಸಿದಳು. ಯಾರೂ ಆ ಪಾತ್ರೆ ಮುಟ್ಟಬಾರದು ಅಂದಳು. ಕೈ ತೊಳೆದಳು, ಒಂದು ಸಲ ಅಲ್ಲ, ಮೂರು ಸಲ. ಗಾದಿಲಿಂಗಮ್ಮ ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿದಳು. ಆಕೆಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ನಮ್ಮಜ್ಜಿ ದಿನಾ ಮಾಡುವುದೂ ಅದನ್ನೇ: ನೀರು ತಾ, ತೊಳಿ, ಮುಟ್ಟಬ್ಯಾಡ, ದೂರ ನಿಲ್ಲು. ಈಯಮ್ಮನದೂ ಒಂದು ಮಡಿ ಎಂದುಕೊಂಡಳು. ಆಕೆಯ ಕಣ್ಣು ಹೋದದ್ದು ಕತ್ತರಿಯ ಮೇಲೆ. ಅದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು.

ಕೂಸು ಹುಟ್ಟಿತು, ತಾಯಿ ಉಳಿದಳು. ರೆಡ್ಡಿಯ ಹೆಂಡತಿ ನಗುತ್ತಾ ಅಂದಳಂತೆ, "ನೋಡೇ ಗಾದಿಲಿಂಗಿ, ನೀ ಇನ್ನಾ ಕುರಿಗೆ ಹಾಕೋ ದಂಟು ಸೀಳ್ತಾ ಕುಂತೀ. ಆಯಮ್ಮ ಟಕ್ಕಂತ ಕತ್ತರಿಸಿಬಿಟ್ಲು." ತಮಾಷೆಗೆ ಅಂದದ್ದು, ಆದರೆ ಅದು ಗಾದಿಲಿಂಗಮ್ಮನ ಎದೆಗೆ ನಾಟಿತು. ಮುಂದೆ ಇನ್ನೂ ಎರಡು ಮನೆಯವರು ನರ್ಸಮ್ಮನಿಗೇ ಗಾಡಿ ಕಳಿಸಿದರು. ಇಪ್ಪತ್ತು ವರ್ಷದ ಕೆಲಸ ಕೈ ಬಿಟ್ಟು ಹೋಗುತ್ತದೆಂಬ ಹೆದರಿಕೆ ಆಕೆಗೆ ಹತ್ತಿತು.

ಆ ಸುಗ್ಗಿಯಲ್ಲಿ ಮಾರಣ್ಣ ಕುರಿ ಹೊಡೆದುಕೊಂಡು ಆದವಾನಿ ಸಂತೆಗೆ ಹೊರಟಾಗ ತಾನೂ ಮಗಳು ಉಚ್ಚಮ್ಮನನ್ನು ಕರೆದುಕೊಂಡು ಹೊರಟಳು. ಇದನ್ನೆಲ್ಲ ನನಗೆ ಆಮೇಲೆ ಹೇಳಿದವಳು ಆ ಉಚ್ಚಮ್ಮನೇ. ಆದವಾನಿಯಲ್ಲಿ ಹತ್ತಿಯ ಗಿರಣಿಗಳ ಅರಳೆ ಗಾಳಿಗೆ ಹಾರಿ ಅಂಗಡಿ ಸಾಮಾನುಗಳ ಮೇಲೆಲ್ಲ ಕೂತಿತ್ತಂತೆ. ಕತ್ತರಿಯ ಬೆಲೆ ಕೇಳಿ ಗಾದಿಲಿಂಗಮ್ಮ ಕೆಳಗಿಟ್ಟಳು. ಕತ್ತರಿಯಿಂದ ಮಿಕ್ಕ ದಿನ ಏನು ಕೆಲಸ? ಚಾಕುವಾದರೆ ದಿನಾ ಸೊಂಟದಲ್ಲಿರುತ್ತದೆ. ಅದೂ ಮಡಚುವ ಚಾಕುವೇ ಬೇಕು, ಮಡಚದ ಬಿಚ್ಚಲಗು ಹಿಂದೊಮ್ಮೆ ಎಲೆಚೀಲ ಹರಿದು ಆಕೆಯ ತೊಡೆಗೆ ಚುಚ್ಚಿತ್ತು.

ಅಂಗಡಿಯ ಸಾಬ ಮೂರು ಚಾಕು ಮುಂದಿಟ್ಟ. ಮೊದಲನೆಯದು ಕಮ್ಮಾರರು ಮಾಡಿದ್ದು, ಮರದ ಹಿಡಿ, ಅಗ್ಗ. ಆದರೆ ಮೊಳೆ ಸಡಿಲು, ಅಲಗು ಅಲ್ಲಾಡುತ್ತಿತ್ತು. ಎರಡನೆಯದು ಜರ್ಮನಿಯದು, ಕೊಂಬಿನ ಹಿಡಿ. ಗಾದಿಲಿಂಗಮ್ಮ ಅದನ್ನು ಬಿಚ್ಚಲು ಹೋಗಿ ಉಗುರು ಮುರಿದುಕೊಂಡಳು. ಬೆಲೆಯೂ ಎರಡು ರೂಪಾಯಿ. ಮೂರನೆಯದು ಜಪಾನಿನದು, ಬಳೆಗಾರರ ಕಚಕಡದ ಬಳೆಯಂಥದೇ ಕೆಂಪು ಹಿಡಿ, ಹತ್ತಾಣೆ. ಆಕೆ ಕುರಿ ಕೊಳ್ಳುವವರ ಹಾಗೆ ಅದನ್ನು ಪರೀಕ್ಷೆ ಮಾಡಿದಳಂತೆ. ಅಂಗಡಿಯ ಕೊಡದಲ್ಲಿ ಕೈ ಅದ್ದಿ, ಒದ್ದೆ ಕೈಯಲ್ಲಿ ಬಿಚ್ಚಿ ಮಡಚಿದಳು. ಮುಂಗೈ ಕೂದಲು ಬೋಳಿಸಿ ನೋಡಿದಳು. ಸೀರೆಯ ಗಂಟಿಗೆ ಸಿಕ್ಕಿಸಿ ನಾಲ್ಕು ಹೆಜ್ಜೆ ನಡೆದಳು.

"ಸಾಬ್ರೆ, ಕೈ ತೊಪ್ಪೆ ಆಗಿರ್ತೈತಿ. ಜಾರಬಾರದು ನೋಡ್ರಿ."

"ಜಾರಲ್ಲಮ್ಮಾ. ಏನು ಕೆಲ್ಸಕ್ಕ ಬೇಕು?"

"ಎಲ್ಲಾದಕ್ಕೂ."

"ಹಂಗಾದ್ರ ಇದೇ ಒಯ್ಯಿ. ಹಗೂರ ಐತಿ, ಸಸ್ತಾ ಐತಿ. ಒಂದೇ ಬಾತು ನೆನಪಿಟ್ಕೊ, ಬೆಂಕಿ ಹತ್ರ ಒಯ್ಬ್ಯಾಡ, ಬಿಸಿನೀರಾಗ ಹಾಕಬ್ಯಾಡ. ಹಿಡಿ ಭಗ್ಗಂತ ಹತ್ತಿಬಿಡ್ತೈತಿ."

"ಬೆಂಕಿಗ್ಯಾಕ ಒಯ್ಯಲಿ" ಎಂದು ಆಕೆ ನಕ್ಕಳಂತೆ.

ಬಡವಿ ಇಷ್ಟೆಲ್ಲ ನೋಡಿ ಆರಿಸಿದಳು. ಆಕೆಯ ಜಾಣತನದಲ್ಲಿ ತಪ್ಪು ಹುಡುಕಲು ನನಗೆ ಈಗಲೂ ಆಗುವುದಿಲ್ಲ. ಅಲಗು ಮಡಚಿದಾಗ ಮಲಗುವ ಸಂದನ್ನು ಮಾತ್ರ ನೋಡಲಿಲ್ಲ. ಅದನ್ನು ಯಾರು ನೋಡುತ್ತಾರೆ?

ಚಾಕು ಎಲ್ಲದಕ್ಕೂ ಆಯಿತು. ತಂಬಾಕು ಕತ್ತರಿಸಿತು, ಜಾಲಿಮುಳ್ಳು ತೆಗೆಯಿತು, ಕೊಳೆತ ಕುರಿಗೊರಸು ಕೆತ್ತಿತು, ಕುರಿಮರಿಯ ಹೊಕ್ಕುಳ ಕೊಯ್ದಿತು, ಮನುಷ್ಯರ ಕೂಸಿನದನ್ನೂ ಕೊಯ್ದಿತು. ಆಕೆ ಪ್ರತಿ ಸಲ ಸೆರಗಿನಲ್ಲಿ ಒರೆಸಿ ಮಡಚುತ್ತಿದ್ದಳು. ಟಕ್ ಎಂದು ಕೂರುವ ಆ ಸದ್ದು ಊರಿಗೆಲ್ಲ ಹಿಡಿಸಿತು. ನರ್ಸಮ್ಮನಿಗೆ ಗಾಡಿ ಹೋಗುವುದು ನಿಂತಿತು.

ಆರು ತಿಂಗಳೂ ಆಗಿರಲಿಲ್ಲ, ಮೊದಲ ಕೂಸು ಹೋಯಿತು. ಆರನೇ ದಿನ ಮೊಲೆ ಬಿಟ್ಟಿತು. ಬಾಯಿ ತೆರೆಯಲೊಲ್ಲದು. ತುಟಿ ನಗುವ ಹಾಗೆ ಬಿಗಿದುಕೊಂಡು, ಬೆನ್ನು ಹಿಂದಕ್ಕೆ ಬಿಲ್ಲಾಗಿ, ಬಾಗಿಲು ಸದ್ದಾದರೂ ಬೆಚ್ಚಿ ಸೆಟೆದುಕೊಂಡು, ಎಂಟನೇ ದಿನ ಸತ್ತಿತು. ಬಾಲಗ್ರಹ ಅಂದರು. ಬಾಲಗ್ರಹಕ್ಕೆ ಮದ್ದೇನು? ಕೂಸಿನ ತಲೆದೆಸೆಯಲ್ಲಿ ಕಬ್ಬಿಣ ಇಡುವುದು. ಮೊದಲೆಲ್ಲ ಕುಡುಗೋಲೋ ಮೊಳೆಯೋ ಇಡುತ್ತಿದ್ದರು. ಈಗ ಹೊಕ್ಕುಳ ಕೊಯ್ದ ಕಬ್ಬಿಣವೇ ಇದೆಯಲ್ಲ, ಅದೇ ಕಾಯಲಿ ಅಂದರು. ಅಲ್ಲಿಂದ ಮುಂದೆ ಗಾದಿಲಿಂಗಮ್ಮ ಚಾಕುವನ್ನು ಕೂಸಿನ ತಲೆದಿಂಬಿನ ಕೆಳಗೆ ಬಿಟ್ಟು ಬರತೊಡಗಿದಳು, ಮುಂದಿನ ಹೆರಿಗೆಗೆ ಅಲ್ಲಿಂದಲೇ ಎತ್ತಿಕೊಂಡು ಹೋಗುತ್ತಿದ್ದಳು. ಕೂಸುಗಳು ಸತ್ತಷ್ಟೂ ಜನ ಚಾಕು ಬೇಕು ಅಂದರು. ಚಾಕು ಹೋದಷ್ಟೂ ಕೂಸುಗಳು ಸತ್ತವು.

ಮೂರನೆಯದು ಬಸವಕ್ಕನದು, ಚೊಚ್ಚಲು. ಬಾಲಗ್ರಹ ಸುಮ್ಮನೆ ಬರುತ್ತದೆಯೇ, ತಾಯಿಯ ಕಾಲ್ಗುಣ ಇರಬೇಕು ಎಂದು ಗಂಡನ ಮನೆಯವರು ಆಕೆಯನ್ನು ಹಸಿ ಬಾಣಂತಿಯಾಗಿರುವಾಗಲೇ ತವರಿಗೆ ಅಟ್ಟಿದರು. ಎದೆಹಾಲು ಸೋರಿ ಕುಬುಸವೆಲ್ಲ ತೊಯ್ದುಕೊಂಡು ಆಕೆ ಊರ ಮುಂದೆ ನಡೆದು ಹೋದದ್ದನ್ನು ನನ್ನ ಅವ್ವ ನೋಡಿದ್ದಳು.

ಎರಡು ವರ್ಷದಲ್ಲಿ ಆರು ಕೂಸು. ಏಳನೆಯವನು ನನ್ನ ತಮ್ಮ.

ಅವನು ಹುಟ್ಟಿದ್ದು ಸೋಮವಾರ ಬೆಳಿಗ್ಗೆ. ಎರಡು ಹೆಣ್ಣು ಸತ್ತು ನಾನೊಬ್ಬಳೇ ಉಳಿದಿದ್ದ ಮನೆಗೆ ಗಂಡು ಬಂತೆಂದು ಅಜ್ಜಿ ಇಡೀ ಊರಿಗೆ ಸಕ್ಕರೆ ಹಂಚಿಸಿದಳು. ನನ್ನ ಅವ್ವ ವೆಂಕೂಬಾಯಿ ಬೆವರಿನಲ್ಲಿ ತೊಯ್ದು ಮಲಗಿ ನಗುತ್ತಿದ್ದಳು. ಚಾಕು ತಮ್ಮನ ತಲೆದಿಂಬಿನ ಕೆಳಗೆ ಕೂತಿತು.

ಗುರುವಾರ ಗಾದಿಲಿಂಗಮ್ಮ ಓಡಿಕೊಂಡು ಬಂದು ಅಂಗಳದಲ್ಲಿ ನಿಂತಳು. ಹೆರಿಗೆಗೆ ಬಂದಿದ್ದ ಉಚ್ಚಮ್ಮನಿಗೆ ನೋವು ಶುರುವಾಗಿತ್ತು.

"ಅಮ್ಮಾರ, ಚಾಕು ಕೊಡ್ರಿ. ನನ್ನ ಮಗಳಿಗೆ ಬ್ಯಾನಿ ಎದ್ದೈತಿ. ಕೊಯ್ದು ತಿರುಗಿ ತಂದಿಡ್ತೀನಿ."

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಹನ್ನೊಂದನೇ ದಿನದ ತನಕಾ ಕಬ್ಬಿಣ ಸರಿಸೋಹಂಗಿಲ್ಲ. ನಮ್ಮ ಕೂಸಿಗೆ ಏನರೆ ಆದರ ನೀ ಹೊಣಿ ಆಗ್ತೀಯೇನು? ನಿನ್ನ ಮಗಳಿಗೆ ದಂಟು ಅದ ಅಲ್ಲ, ಅದರಲೇ ಕೊಯ್ಯಿ."

ಗಾದಿಲಿಂಗಮ್ಮ ಕಣ್ಣೊರೆಸಿಕೊಂಡು ಹೋದಳು. ಊರ ಕೂಸುಗಳಿಗೆಲ್ಲ ಉಕ್ಕಿನ ಕಾವಲು, ತನ್ನ ಮೊಮ್ಮಗನಿಗೆ ಮಾತ್ರ ದಂಟಿನ ಸಿಪ್ಪೆ ಎಂದು ದಾರಿಯುದ್ದಕ್ಕೂ ಅತ್ತಳಂತೆ.

ಶನಿವಾರ ತಮ್ಮ ಮೊಲೆ ಬಿಟ್ಟ. ಸೋಮವಾರ ಮಧ್ಯಾಹ್ನ ಹಿತ್ತಲಾಚೆ ಅವನನ್ನು ಹೂಳಿ ಬಂದರು. ಬಸುರಿಯಿದ್ದಾಗ ಅಮಾವಾಸ್ಯೆಯ ನಡುಮಧ್ಯಾಹ್ನ ಕೂದಲು ಬಿಟ್ಟುಕೊಂಡು ಬಾವಿಕಟ್ಟೆಗೆ ಹೋಗಿದ್ದಳು, ಅದಕ್ಕೇ ಹೀಗಾಯಿತು ಎಂದು ಅಜ್ಜಿ ಅವ್ವನ ಮೇಲೆ ಹಾಕಿದಳು. ಅವ್ವ ಎದುರಾಡಲಿಲ್ಲ. ಹೌದು, ಹೋಗಿದ್ದೆ, ನಾನೇ ತಿಂದೆ ಎಂದು ಗೋಡೆಗೆ ಹಣೆ ಒತ್ತಿಕೊಂಡು ಕೂತಳು. ನನ್ನನ್ನೂ ಹತ್ತಿರಕ್ಕೆ ಬರಗೊಡಲಿಲ್ಲ, ನಿನಗೂ ಏನಾದರೂ ಆದೀತು ಅಂದಳು.

ಮೂರು ದಿನದ ಮೇಲೆ ನರ್ಸಮ್ಮ ಯಾವುದೋ ಕೆಲಸಕ್ಕೆ ಊರಿಗೆ ಬಂದಿದ್ದಳು. ಅಪ್ಪ ಆಕೆಗೆ ಎಲ್ಲ ಹೇಳಿದರು. ಆಕೆ ನಮ್ಮ ಅಂಗಳಕ್ಕೆ ಬಂದು ಗಾದಿಲಿಂಗಮ್ಮನನ್ನು ಕರೆಸಿ, ಕೂಸು ಹೋದ ಮೇಲೆ ಆಕೆ ತಿರುಗಿ ಒಯ್ದಿದ್ದ ಚಾಕು ಇಸಿದುಕೊಂಡು, ಬಿಚ್ಚಿ, ತಲೆಯಿಂದ ಒಂದು ಪಿನ್ನು ತೆಗೆದು ಅಲಗು ಮಲಗುವ ಸಂದಿಗೆ ಹಾಕಿ ಕೆರೆದಳು. ಬಿಳೀ ಬಟ್ಟೆಯ ಮೇಲೆ ಕಪ್ಪಗೆ ಮೇಣದಂಥದ್ದು ಉದುರಿತು: ಒಣಗಿದ ರಕ್ತ, ಕುರಿಯ ಉಣ್ಣೆ, ತಂಬಾಕಿನ ಚೂರು, ಗೊರಸಿನ ಹೊಲಸು. ನಾನು ಕಣ್ಣಾರೆ ನೋಡಿದೆ. ಆ ವಾಸನೆಗೆ ನೊಣ ಬಂದು ಕೂತವು.

"ಏಮಮ್ಮಾ, ಇದರಲ್ಲೇನಾ ಕೊಯ್ತಿದ್ದುದು? ಅವತ್ತು ರೆಡ್ಡಿಗಾರ ಮನೆಯಲ್ಲಿ ನೋಡಿದೆಯಲ್ಲ, ನಾನು ಕುದಿಸಿದ್ದು? ಈ ಹೊಲಸು ಹೊಕ್ಕುಳದಿಂದ ಒಳಗೆ ಹೋದರೆ ಕೂಸು ಹಾಗೇ ಸೆಟೆದುಕೊಂಡು ಸಾಯುತ್ತೆ. ಯಾಕೆ ಕುದಿಸಲಿಲ್ಲ?"

ಗಾದಿಲಿಂಗಮ್ಮ ಬಗ್ಗಿ ಆ ಬಟ್ಟೆ ನೋಡಿದಳು.

"ಅದು ನಿಮ್ಮ ಮಡಿ ಅನ್ಕಂಡಿದ್ನೆವ್ವ" ಅಂದಳು.

ನರ್ಸಮ್ಮ ಗಾಡಿ ಹತ್ತಿ ಹೋದಳು. ಯಾವ ಜಾತಿಯವಳೋ ಏನೋ, ಆಕೆಗೇನು ತಿಳಿಯುತ್ತದೆ, ಬಾಲಗ್ರಹವೇ ಅದು ಎಂದು ಅಜ್ಜಿ ಅಂಗಳ ತೊಳೆಸಿದಳು. ನರ್ಸಮ್ಮ ಹೇಳಿದ್ದು ಒಳಗಿದ್ದ ಅವ್ವನ ಕಿವಿಗೆ ಬೀಳದಂತೆ ನೋಡಿಕೊಂಡಳು. ಸೊಸೆಯ ಮೇಲೆ ಹಾಕಿದ್ದನ್ನು ತಿರುಗಿ ತನ್ನ ಮೇಲೆ ಎಳೆದುಕೊಳ್ಳಲು ಯಾವ ಅತ್ತೆ ತಯಾರಿರುತ್ತಾಳೆ? ನನಗೂ ಬಾಯಿ ಬಿಟ್ಟರೆ ಬರೆ ಹಾಕುತ್ತೇನೆಂದು ಹೆದರಿಸಿದಳು. ಗಾದಿಲಿಂಗಮ್ಮನೂ ಅಲ್ಲಿಗೇ ಸುಮ್ಮನಾಗಿದ್ದರೆ ಆಗುತ್ತಿತ್ತು. ಊರಿಗೆ ಊರೇ ಬಾಲಗ್ರಹ ಅನ್ನುತ್ತಿರುವಾಗ ಆಕೆಯನ್ನು ಯಾರೂ ಕೇಳುತ್ತಿರಲಿಲ್ಲ. ಉಪವಾಸವೂ ಬೀಳುತ್ತಿರಲಿಲ್ಲ. ಬಾಯಿ ಬಿಟ್ಟರೆ ಎಲ್ಲ ಹೋಗುತ್ತಿತ್ತು. ಬಿಡದಿದ್ದರೆ ಬಸವಕ್ಕನಿಂದ ಹಿಡಿದು ನನ್ನ ಅವ್ವನ ತನಕ ಕೆಲವು ಹೆಂಗಸರು ತಾವೇ ಕೂಸು ತಿಂದೆವೆಂದು ನಂಬಿಕೊಂಡು ಸಾಯಬೇಕಿತ್ತು. ಆಕೆ ಒಂದು ದಿನ ಊಟ ಬಿಟ್ಟು ಕೂತಿದ್ದಳು ಎಂದು ಉಚ್ಚಮ್ಮ ಹೇಳಿದಳು. ಮಡಿಲಲ್ಲಿ ಮೊಮ್ಮಗ ಚಪ್ಪರಿಸಿ ಹಾಲು ಕುಡಿಯುತ್ತಿದ್ದ.

ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಆಕೆ ಮನೆಯಲ್ಲಿ ನಿಲ್ಲಲಿಲ್ಲ. ಬೆಳಿಗ್ಗೆ ಎದ್ದು ಬಸವಕ್ಕನ ಗಂಡನ ಮನೆಗೆ ಹೋದಳು. "ನಿಮ್ಮ ಸೊಸೀದು ಏನೂ ತಪ್ಪಿಲ್ಲ. ನನ್ನ ಚಾಕು ತಿಂದೈತಿ" ಅಂದಳು. ಅಲ್ಲಿ ಆಗಲೇ ಎರಡನೇ ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಬಸವಕ್ಕನ ಗಂಡ ಕುರಿ ಹೊಡೆಯುವ ಕೋಲಿನಿಂದ ಬಾಯಿಗೆ ಹೊಡೆದ, ಎರಡು ಹಲ್ಲು ಹೋದವು. ರಕ್ತ ಉಗುಳಿಕೊಂಡು ಬಸವಕ್ಕನ ತವರಿಗೆ ನಡೆದಳು, ಎರಡೂವರೆ ಹರದಾರಿ. ಬಸವಕ್ಕ ಬಾವಿಯ ಹತ್ತಿರ ಸಿಕ್ಕಳಂತೆ. ಎಲ್ಲ ಕೇಳಿಸಿಕೊಂಡು, "ಈಗ ಹೇಳಿದ್ರ ಏನ್ ಮಾಡ್ಲಬೇ" ಎಂದು ಕೊಡ ಹೊತ್ತು ಹೋದಳು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಆ ಗಾದೆ ನನಗೆ ಯಾರಾದರೂ ನಗುತ್ತಾ ಹೇಳಿದರೆ ಸಹಿಸುವುದಿಲ್ಲ.

ಹೀಗೇ ಕೂಸು ಸತ್ತ ಒಂದೊಂದು ಮನೆಗೂ ಹೋದಳು, ಏಳನೆಯ ಮನೆ ನಮ್ಮದು. ಎರಡನೇ ದಿನ ಸಂಜೆ, ಬಾಯಿ ಊದಿಕೊಂಡು, ಅವ್ವ ಮಲಗಿದ್ದ ಕೋಣೆಯ ಹಿತ್ತಲ ಬಾಗಿಲಿಗೆ ಬಂದು ನಿಂತಳು. ನಾನು ಅವ್ವನ ಕಾಲು ಒತ್ತುತ್ತಿದ್ದೆ.

"ಅಮ್ಮಾರ, ನೀವು ಬಾವಿಗೆ ಹೋಗಿದ್ದಕ್ಕ ಅಲ್ರಿ. ನನ್ನ ಚಾಕಿನಾಗ ಹೊಲಸಿತ್ತು. ಅದರಲೇ ಕೊಯ್ದೆ. ನನ್ನ ಮೊಮ್ಮಗ ದಂಟಿನಾಗ ಉಳಕಂಡಾನ."

ಅವ್ವ ಎದ್ದು ಕೂತಳು. ಎಷ್ಟೋ ದಿನದ ಮೇಲೆ ಗೋಡೆ ಬಿಟ್ಟು ಮನುಷ್ಯರ ಮುಖ ನೋಡಿದಳು. "ಕೊಡು ಇಲ್ಲೆ" ಅಂದಳು. ಕಬ್ಬಿಣವನ್ನು ಕೈಯಿಂದ ಕೈಗೆ ಕೊಡಬಾರದೆಂದು ಗಾದಿಲಿಂಗಮ್ಮ ಹೊಸ್ತಿಲ ಮೇಲಿಟ್ಟಳು. ಅವ್ವ ತೆಗೆದುಕೊಂಡು, ಬಿಚ್ಚಿ, ಸಂದು ನೋಡಿ, ಬಾಣಂತಿಗೆಂದು ಇಟ್ಟಿದ್ದ ಅಗ್ಗಿಷ್ಟಿಕೆಗೆ ಹಾಕಿದಳು. ಕೆಂಪು ಹಿಡಿ ಭಗ್ಗನೆ ಹತ್ತಿ ಒಂದೇ ಗಳಿಗೆಯಲ್ಲಿ ಉರಿದು ಹೋಯಿತು. ಆ ಕಚಕಡಕ್ಕೆ ಕರ್ಪೂರ ಬೆರೆಸಿರುತ್ತಾರಂತೆ, ಕೋಣೆಯೆಲ್ಲ ಕರ್ಪೂರದ ವಾಸನೆ ಹಬ್ಬಿತು. ಮಂಗಳಾರತಿಯ ವಾಸನೆ ಬಂದರೆ ನಾನು ಈಗಲೂ ಎದ್ದು ಹೊರಗೆ ಹೋಗುತ್ತೇನೆ. ಮನೆಯವರು ಮುದುಕಿಗೆ ದೇವರಲ್ಲಿ ಭಕ್ತಿಯಿಲ್ಲ ಅನ್ನುತ್ತಾರೆ. ಅನ್ನಲಿ.

ಆಮೇಲೆ ಗಾದಿಲಿಂಗಮ್ಮನನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಆಕೆಯೂ ಹೋಗಲಿಲ್ಲ. ಆದರೆ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಬೆಳಿಗ್ಗೆ ಬಂದು ಬೀದಿಯಲ್ಲಿ ನಿಂತು ಕೂಗಿ ಕೇಳುತ್ತಿದ್ದಳು, "ಕೂಸು ಮೊಲಿ ಹಿಡದೈತೇನ್ರವ್ವಾ?" ಎಂಟು ದಿನ ಬರುತ್ತಿದ್ದಳು. ಒಂಬತ್ತನೇ ದಿನ ಬರುತ್ತಿರಲಿಲ್ಲ. ಅಪಶಕುನ ಎಂದು ಕೆಲವರು ಸಗಣಿ ನೀರು ಎರಚಿದರು, ಕೆಲವರು ಕಲ್ಲು ಬೀಸಿದರು. ಆಕೆ ಸ್ವಲ್ಪ ದೂರ ಸರಿದು ನಿಂತು ಮತ್ತೆ ಕೇಳುತ್ತಿದ್ದಳು.

ನಲವತ್ತೊಂದರಲ್ಲಿ ನನ್ನ ತಂಗಿ ಹುಟ್ಟಿದಳು. ನರ್ಸಮ್ಮನೇ ಬಂದಳು. ಕತ್ತರಿ ಕುದಿಸಲು ಒಲೆ ಹಚ್ಚಿದವಳು ನಮ್ಮಜ್ಜಿಯೇ. ಮರುದಿನ ಬೆಳಿಗ್ಗೆ ಎದುರಿನ ಬೇವಿನ ಮರದ ಕೆಳಗಿನಿಂದ ಆ ಕೂಗು ಬಂತು. ಉತ್ತರ ಕೊಡಬೇಡಿ ಎಂದು ಅಜ್ಜಿ ಬಾಗಿಲು ಹಾಕಿಸಿದಳು. ನಾನು ಕೊಡಲಿಲ್ಲ. ಏಳು ದಿನ ಕಿಟಕಿಯ ಹಿಂದೆ ನಿಂತು ಕೇಳಿಸಿಕೊಂಡು ಸುಮ್ಮನಿದ್ದೆ. ಹಿಡಿದದ ಎಂದು ಒಂದು ಮಾತು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ತಮ್ಮನ ಮುಖ ಕಣ್ಣ ಮುಂದೆ ಬರುತ್ತಿತ್ತು. ಇಂದಿಗೂ ನನ್ನ ಮೇಲೆ ನನಗೆ ಸಿಟ್ಟು ಇಳಿದಿಲ್ಲ.

ಎಂಟನೇ ದಿನ ಅವ್ವ ಎದ್ದಳು. ಮೈಲಿಗೆಯ ದಿನ, ಬಾಣಂತಿ ಹೊಸ್ತಿಲು ದಾಟಬಾರದು ಎಂದು ಅಜ್ಜಿ ಕೂಗುತ್ತಿದ್ದಂತೆಯೇ ಬಾಗಿಲು ತೆಗೆದು, ಬೀದಿಗೆ ಮುಖ ಮಾಡಿ ಹೊಸ್ತಿಲ ಮೇಲೆ ಕೂತು ತಂಗಿಯನ್ನು ಎದೆಗೆ ಹಚ್ಚಿದಳು. ಗಾದಿಲಿಂಗಮ್ಮ ಮರದ ಕೆಳಗಿನಿಂದ ಎರಡು ಹೆಜ್ಜೆ ಮುಂದೆ ಬಂದು ನಿಂತಳು. ಕೂಸಿನ ಗಂಟಲು ಆಡುವುದನ್ನು, ಅದು ಗುಟುಕು ಗುಟುಕಾಗಿ ನುಂಗುವುದನ್ನು ನೋಡುತ್ತಾ ನಿಂತಳು. ಅವ್ವ ಅದು ಕುಡಿದು ಮುಗಿಸುವ ತನಕ ಅಲ್ಲಾಡಲಿಲ್ಲ.

"ಹಿಡಿದದ. ನೋಡಿದ್ಯಲ್ಲ" ಅಂದಳು ಅವ್ವ. "ಇನ್ನ ಈ ಬಾಗಿಲಿಗೆ ಬರಬ್ಯಾಡ."

"ಆತ್ರಿ ಅಮ್ಮಾರ."

ಕೆಳಗೇರಿಯಲ್ಲಿ ಇನ್ನೊಂದು ಮನೆಯಲ್ಲಿ ಕೂಸು ಹುಟ್ಟಿ ನಾಲ್ಕು ದಿನವಾಗಿತ್ತು. ಗಾದಿಲಿಂಗಮ್ಮ ಸೆರಗು ತಲೆಗೆ ಎಳೆದುಕೊಂಡು ಆ ಕಡೆ ನಡೆದಳು.